ಲ್ಯಾಬ್‌ನಾಗ ವೇವ್ ಸರಿ ಬರ್ಲಿಲ್ಲಂದ್ರ ಮೊದ್ಲು ಪ್ರೋಬ್ ನೋಡ್ರಿ

ರಾಯಚೂರಾಗ ಎಲೆಕ್ಟ್ರಿಕಲ್ ಓದೋ ಜೂನಿಯರ್ಸ್‌ಗೆ ಬರೀಲಿಕತ್ತೀನಿ. ಸ್ಕೋಪ್ ಅಂದ್ರ ಆಸಿಲೋಸ್ಕೋಪ್, ವೇವ್ ತೋರ್ಸೋ ಯಂತ್ರ, ಪ್ರೋಬ್ ಅಂದ್ರ ಸರ್ಕ್ಯೂಟಿಗೆ ಹಚ್ಚೋ ಅದ್ರ ವೈರ್. ಬ್ಯಾಸಿಗಿ ದಿನ, ಮಧ್ಯಾಹ್ನದ ಬ್ಯಾಚ್, ಫ್ಯಾನ್ ತಿರುಗಿದ್ರೂ ಬಿಸಿ ಗಾಳಿನೇ, ನಾನು ಆರ್‌ಸಿ ಲೋ ಪಾಸ್ ಸರ್ಕ್ಯೂಟ್ (ರೆಸಿಸ್ಟರ್, ಕೆಪಾಸಿಟರ್ ಕೂಡಿಸಿ ಕಮ್ಮಿ ಫ್ರೀಕ್ವೆನ್ಸಿ ಬಿಟ್ಟು ಹೆಚ್ಚಿನದ್ನ ತಡಿಯೋದು) ಮೂರು ಸಲ ಕಿತ್ತು ಮೂರು ಸಲ ಹಾಕ್ದೆ, ರೀಡಿಂಗ್ ಹತ್ತು ಪಟ್ಟು ಕಮ್ಮಿನೇ ಬರ್ತಿತ್ತು, ಕಡಿಗೆ ನೋಡಿದ್ರ ಪ್ರೋಬ್ ಮ್ಯಾಲಿನ ಸ್ವಿಚ್ 10ಎಕ್ಸ್‌ನಾಗದ (ಸಿಗ್ನಲ್ ಹತ್ತನೇ ಒಂದು ಪಾಲು ಮಾಡ್ತದ), ಸ್ಕೋಪಿನ ಮೆನುದಾಗ 1ಎಕ್ಸ್ (ಇದ್ದಷ್ಟೇ) ಅದ. ಇಷ್ಟೇ ಕಥಿ.

ಅದಕ್ಕ ಸರ್ಕ್ಯೂಟ್ ಮುಟ್ಟೋಕಿಂತ ಮೊದ್ಲು ಪ್ರೋಬ್ ತುದಿನ ಸ್ಕೋಪಿನ ಮುಂದಿರೋ ಸಣ್ಣ ಕೊಂಡಿಗೆ ಸಿಗಿಸ್ರಿ, ಸಾಮಾನ್ಯ ಅಲ್ಲಿ 1 ಕಿಲೋಹರ್ಟ್ಸ್ ಸ್ಕ್ವೇರ್ ವೇವ್ ಇರ್ತದ. ಮೂಲಿ ದುಂಡಗಾಗಿದ್ರ, ಇಲ್ಲ ಕೊಂಬಿನಂಗ ಮ್ಯಾಲೆ ಎದ್ದಿದ್ರ, ಸ್ವಿಚ್ 10ಎಕ್ಸ್‌ನಾಗ ಇಟ್ಟು ಪ್ರೋಬಿನ ಸ್ಕ್ರೂ ಮೆಲ್ಲಕ ತಿರುಗಿಸ್ರಿ, ಗೆರಿ ಸಪಾಟ ಆಗೋತನ.

ಪ್ರೋಬಿನ ಕಪ್ಪು ಕ್ಲಿಪ್ ವಿಚಾರ ಮಾತ್ರ ಹುಷಾರ್. ಅದು ಸ್ಕೋಪ್ ಒಳಗಿಂದ ನೇರ ಅರ್ಥ್‌ಗೆ ಕೂಡಿರ್ತದ. ರೆಸಿಸ್ಟರ್ ಮ್ಯಾಲಿನ ವೋಲ್ಟೇಜ್ ನೋಡ್ಬೇಕಂತ ಅದ್ನ ರೆಸಿಸ್ಟರ್, ಕೆಪಾಸಿಟರ್ ಕೂಡೋ ಜಾಗಕ್ಕ ಹಾಕಿದ್ರಿ ಅಂದ್ರ, ಸಿಗ್ನಲ್ ಜನರೇಟರ್ (ವೇವ್ ಕೊಡೋ ಯಂತ್ರ) ಗ್ರೌಂಡೂ ಅರ್ಥ್ ಆಗಿದ್ರ ಕೆಪಾಸಿಟರ್ರೇ ಶಾರ್ಟ್. ಎರಡು ಚಾನೆಲ್ ತಗೊಂಡು, ಪ್ರೋಬ್ ತುದಿ ರೆಸಿಸ್ಟರಿನ ಎರಡೂ ಕಡಿ ಇಟ್ಟು, ಎರಡೂ ಕ್ಲಿಪ್ ಗ್ರೌಂಡಿಗೇ ಹಾಕಿ, ಮ್ಯಾಥ್ ಬಟನ್‌ದಾಗ ಒಂದ್ರಾಗ ಇನ್ನೊಂದು ಕಳೀರಿ. 230 ವೋಲ್ಟ್ ಮೇನ್ಸ್‌ಗೆ ಆ ಕ್ಲಿಪ್ ಹಚ್ಚೋ ಹುಚ್ಚು ಸಾಹಸ ಬ್ಯಾಡ್ರೀ ಯಪ್ಪಾ.

ಜನರೇಟರ್‌ದಾಗ 1 ವೋಲ್ಟ್ ಇಟ್ಟೀನಿ, ಸ್ಕೋಪ್‌ನಾಗ 2 ಬರ್ತದ ಅಂದ್ರ ಔಟ್‌ಪುಟ್ ಲೋಡ್ 50 ಓಮ್ ಅಂತ ಸೆಟ್ ಆಗಿರ್ತದ, ಹೈ-ಝಡ್ (ಅಂದ್ರ ದೊಡ್ಡ ಓಮಿನ ಲೋಡ್) ಮಾಡ್ರಿ.

ಹಿಂದಿನ ರಾತ್ರಿ ಸರ್ಕ್ಯೂಟ್‌ನ ಎಲ್‌ಟಿಸ್ಪೈಸ್ ಅನ್ನೋ ಸಿಮ್ಯುಲೇಶನ್ ಸಾಫ್ಟ್‌ವೇರ್‌ನಾಗ ಒಮ್ಮೆ ಓಡಿಸಿ ಬರ್ರಿ, ಫ್ರೀ ಅದ, ಹಳೇ ಲ್ಯಾಪ್‌ಟಾಪ್‌ನಾಗೂ ನಡೀತದ. 1 ಕಿಲೋಓಮ್, ಮತ್ತ 104 ಅಂತ ಬರ್ದಿರೋ ಕೆಪಾಸಿಟರ್, ಅಂದ್ರ 0.1 ಮೈಕ್ರೋಫ್ಯಾರಡ್, ಹಾಕಿದ್ರ ಕಟ್‌ಆಫ್ (ಸಿಗ್ನಲ್ ತಡಿಯೋಕೆ ಶುರುವಾಗೋ ಫ್ರೀಕ್ವೆನ್ಸಿ) ಸುಮಾರು 1.59 ಕಿಲೋಹರ್ಟ್ಸ್, ಅಲ್ಲಿ ಔಟ್‌ಪುಟ್ ಇನ್‌ಪುಟ್‌ನ 0.707 ಪಟ್ಟು ಇರ್ಬೇಕು. ಎಸಿ ಅನಾಲಿಸಿಸ್ (ಫ್ರೀಕ್ವೆನ್ಸಿ ಬದಲಿಸ್ಕೋತ ಔಟ್‌ಪುಟ್ ನೋಡೋದು) 10 ಹರ್ಟ್ಸ್‌ನಿಂದ 100 ಕಿಲೋಹರ್ಟ್ಸ್‌ತನ ಕೊಡ್ರಿ. ಒಂದು ಮಾತು, ಅದ್ರಾಗ ದೊಡ್ಡ ಎಂ ಹಾಕಿದ್ರೂ ಮಿಲಿ ಅಂತನೇ ತಿಳ್ಕೊಂತದ, ಮೆಗಾ ಬೇಕಂದ್ರ ಮೆಗ್ ಅಂತ ಪೂರ್ತಿ ಟೈಪ್ ಮಾಡ್ಬೇಕು. ಫಸ್ಟ್ ಟೈಮ್ ಎಲ್ಲಾರೂ ಇಲ್ಲೇ ಬೀಳ್ತಾರ.

ಮಲ್ಟಿಮೀಟರ್ ಎಸಿದಾಗ ತೋರ್ಸೋದು ಆರ್‌ಎಂಎಸ್, ಸೈನ್ ವೇವ್‌ಗೆ ಅದು ಪೀಕಿನ 0.707 ಪಟ್ಟು. 5 ವೋಲ್ಟ್ ಪೀಕ್ ಇರೋ ಸೈನ್ ವೇವ್‌ಗೆ 3.54 ಬಂದ್ರ ಮೀಟರ್ ಕೆಟ್ಟಿಲ್ಲ.

ರೀಡಿಂಗ್ ಕೂಡಿ ಬಂದ ಕೂಡ್ಲೇ ಸ್ಕ್ರೀನ್‌ನ ಪೆನ್‌ಡ್ರೈವ್‌ಗೆ ಸೇವ್ ಮಾಡ್ರಿ, ಒಗ್ಗಣ್ಣಿ ಮಿರ್ಚಿ ಆಮ್ಯಾಲೆ ತಿಂದ್ರಾತು, ಕರೆಂಟ್ ಹೋದ್ರ ಮತ್ತ ಪ್ರೋಬ್‌ನಿಂದ ಶುರು ಮಾಡ್ಬೇಕು.