ಬಿಟ್ಟುಹೋದ ಆವೃತ್ತಿ ಕಂಡುಹಿಡಿಯುವ ಲೆಕ್ಕ

ಹತ್ತನೇ ತರಗತಿಯ ಸಂಖ್ಯಾಶಾಸ್ತ್ರದಲ್ಲಿ ಸರಾಸರಿ ಕೊಟ್ಟು, ಒಂದು ಆವೃತ್ತಿಯನ್ನು (ಒಂದು ವರ್ಗಾಂತರದಲ್ಲಿ, ಅಂದರೆ 0–10ರಂಥ ಗುಂಪಿನಲ್ಲಿ, ಎಷ್ಟು ಅಂಕಿಗಳಿವೆ ಎಂಬ ಎಣಿಕೆ) ಖಾಲಿ ಬಿಟ್ಟು ಕೇಳುವ ಲೆಕ್ಕ ಬಂದರೆ ಅನೇಕರು ಗಾಬರಿಯಾಗುತ್ತಾರೆ. ಇದಕ್ಕೆ ಬೇರೆ ಸೂತ್ರವೇನೂ ಬೇಡ. ಖಾಲಿ ಜಾಗದಲ್ಲಿ ಒಂದು ಅಕ್ಷರ ಬರೆದು ಕೋಷ್ಟಕವನ್ನು ಎಂದಿನಂತೆ ತುಂಬಿಸಿ, ಸಮೀಕರಣ ತಾನಾಗಿ ಸಿಗುತ್ತದೆ.

ವರ್ಗಾಂತರಗಳು 0–10, 10–20, 20–30, 30–40. ಆವೃತ್ತಿಗಳು 4, 6, ಅ, 2. ಸರಾಸರಿ 19. ಮಧ್ಯಬಿಂದುಗಳು 5, 15, 25, 35. ಪ್ರತಿ ಮಧ್ಯಬಿಂದುವನ್ನು ಅದರ ಆವೃತ್ತಿಯಿಂದ ಗುಣಿಸಿದರೆ 20, 90, 25ಅ, 70. ಮೊತ್ತ 180 + 25ಅ. ಆವೃತ್ತಿಗಳ ಮೊತ್ತ 12 + ಅ. ಇಲ್ಲಿ ಬರೀ 12 ಬರೆದು ಮುಂದೆ ಹೋಗುವವರು ಬಹಳ. ಗೊತ್ತಿಲ್ಲದ ಆವೃತ್ತಿಯೂ ಎಣಿಕೆಗೆ ಸೇರಲೇಬೇಕು. ಗುಣಲಬ್ಧಗಳ ಮೊತ್ತ = ಸರಾಸರಿ × ಆವೃತ್ತಿಗಳ ಮೊತ್ತ, ಆದ್ದರಿಂದ:

180 + 25ಅ = 19(12 + ಅ)
180 + 25ಅ = 228 + 19ಅ
6ಅ = 48, ಅ = 8

ಎರಡನೇ ಸಾಲಿನಲ್ಲಿ ಎಚ್ಚರ. 19ನ್ನು 12ಕ್ಕೆ ಮಾತ್ರ ಗುಣಿಸಿ 228 + ಅ ಎಂದು ಬರೆದರೆ 24ಅ = 48, ಉತ್ತರ 2. ಪೂರ್ಣಸಂಖ್ಯೆ ಬಂದಿದ್ದರಿಂದ ಸರಿಯೆಂದೇ ಅನ್ನಿಸುತ್ತದೆ. ಅದಕ್ಕೇ ತಾಳೆ ನೋಡಬೇಕು: 8 ಹಾಕಿದರೆ 380 ÷ 20 = 19. 2 ಹಾಕಿದರೆ 230 ÷ 14, ಅಂದರೆ ಸುಮಾರು 16.4. ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಮಧ್ಯಾಂಕ (ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಇಟ್ಟಾಗ ನಡುವೆ ಬರುವ ಬೆಲೆ) ಕೊಟ್ಟು ಎರಡು ಆವೃತ್ತಿ ಕೇಳಿದರೆ ಎರಡು ಸಮೀಕರಣ ಬೇಕು. 0–10ರಿಂದ 40–50ರವರೆಗೆ ಆವೃತ್ತಿಗಳು 4, ಅ, 12, ಬ, 5, ಒಟ್ಟು 40, ಮಧ್ಯಾಂಕ 27.5 ಎನ್ನಿ. ಮೊತ್ತದಿಂದ ಅ + ಬ = 19. ಇನ್ನು ಮಧ್ಯಾಂಕದ ವರ್ಗಾಂತರ ಯಾವುದು? ಸಂಚಿತ ಆವೃತ್ತಿಯಲ್ಲಿ (ಮೊದಲಿನಿಂದ ಕೂಡಿಸುತ್ತ ಬಂದ ಆವೃತ್ತಿಗಳ ಮೊತ್ತ) ಹುಡುಕುವ ಹಾಗಿಲ್ಲ, ಅಲ್ಲೂ ಅ ಇದೆ. ಹುಡುಕುವ ಅಗತ್ಯವೂ ಇಲ್ಲ: 27.5 ಇರುವುದು 20–30ರಲ್ಲಿ. ಕೆಳಮಿತಿ 20, ಒಟ್ಟು ಆವೃತ್ತಿಯ ಅರ್ಧ 20, ಹಿಂದಿನ ವರ್ಗಾಂತರದವರೆಗಿನ ಸಂಚಿತ ಆವೃತ್ತಿ 4 + ಅ, ಈ ವರ್ಗಾಂತರದ ಆವೃತ್ತಿ 12, ಗಾತ್ರ 10. ಇವನ್ನು ಮಧ್ಯಾಂಕದ ಸೂತ್ರದಲ್ಲಿ ಹಾಕಿದರೆ:

27.5 = 20 + [20 − (4 + ಅ)] ÷ 12 × 10
7.5 × 12 = 10(16 − ಅ)
9 = 16 − ಅ
ಅ = 7, ಬ = 12

ಆವರಣ ಬಿಡಿಸುವಾಗ ಋಣ ಚಿಹ್ನೆಯನ್ನು ಅ-ಗೆ ಹಾಕದೆ 16 + ಅ ಬರೆದರೆ −7 ಬರುತ್ತದೆ. ಹಿಂದಿನ ವರ್ಗಾಂತರದ ಬದಲು ಅದೇ ವರ್ಗಾಂತರದ ಸಂಚಿತ ಆವೃತ್ತಿ 16 + ಅ ತೆಗೆದುಕೊಂಡರೆ −5. ಆವೃತ್ತಿ ಎಂದರೆ ಎಣಿಕೆ; ಅದು ಋಣವೋ ಭಿನ್ನರಾಶಿಯೋ ಆಗಿ ಬಂದರೆ ಅಲ್ಲೇ ನಿಂತು ಚಿಹ್ನೆಗಳನ್ನು ಮತ್ತೆ ನೋಡಿ.

ವರ್ಗಾಂತರಗಳು 11–20, 21–30 ಎಂದು ಬಿಟ್ಟುಬಿಟ್ಟು ಇದ್ದರೆ ಮಧ್ಯಾಂಕಕ್ಕೆ ಮೊದಲು 10.5–20.5, 20.5–30.5 ಎಂದು ಬದಲಿಸಿಕೊಳ್ಳಿ. ಸರಾಸರಿಗೆ ಈ ಕೆಲಸ ಬೇಡ, ಎರಡು ರೀತಿಯಲ್ಲೂ ಮಧ್ಯಬಿಂದು 15.5, 25.5 ಆಗಿಯೇ ಉಳಿಯುತ್ತದೆ.