ಕಮಾನು ಅಂದರೆ ಯಾವ ಕಮಾನು? ಬಾಗಿದ ಆಕೃತಿಯ ಒಗಟಿಗೆ ಷರತ್ತು ಬರೆಯುವ ಬಗೆ

ಮೊದಲು ಈ ಒಗಟು ನೋಡಿ. ರಾಯಚೂರಿನ ಮಾರುಕಟ್ಟೆಗೆ ಹತ್ತಿ ಹೇರಿಕೊಂಡು ಹೊರಟ ಟ್ರ್ಯಾಕ್ಟರ್ ಒಂದು ಕಮಾನಿನ ಬಾಗಿಲು ದಾಟಬೇಕು. ಬಾಗಿಲ ಅಗಲ 4 ಮೀಟರ್. ಎರಡೂ ಬದಿಯ ಗೋಡೆ ನೆಟ್ಟಗೆ 3 ಮೀಟರ್ ಏರಿ, ಅಲ್ಲಿಂದ ಕಮಾನು ಶುರು. ನಟ್ಟನಡುವೆ ಅದು ಇನ್ನೂ 1 ಮೀಟರ್ ಎತ್ತರ. ಲೋಡಿನ ಅಗಲ 3 ಮೀಟರ್, ನೆಲದಿಂದ ಎತ್ತರ 3.47 ಮೀಟರ್. ದಾಟುತ್ತದೆಯೇ?

ಅಳತೆಗಳೆಲ್ಲ ಇವೆ, ಉತ್ತರ ಮಾತ್ರ ಇಲ್ಲ. ಕಮಾನು ವೃತ್ತದ ಕಂಸವಾದರೆ ಅದರ ತ್ರಿಜ್ಯ 2.5 ಮೀಟರ್. ನಡುವಿನಿಂದ 1.5 ಮೀಟರ್ ಸರಿದರೆ, ಅಂದರೆ ಲೋಡಿನ ಮೇಲಿನ ಮೂಲೆ ಇರುವ ಕಡೆ, 3.50 ಮೀಟರ್ ಎತ್ತರ ಸಿಗುತ್ತದೆ. ಮೂರು ಸೆಂಟಿಮೀಟರಿನಲ್ಲಿ ಪಾರು. ಕಮಾನು ಪರವಲಯವಾದರೆ (ಎಸೆದ ಕಲ್ಲು ಸಾಗುವ ದಾರಿಯಂಥ ಗೆರೆ) ಅಲ್ಲಿ ಸಿಗುವುದು ಸುಮಾರು 3.44 ಮಾತ್ರ, ಮೇಲಿನ ಅಂಡಿಗೆ ಕಲ್ಲಿಗೆ ತಾಗುತ್ತದೆ. ಅರ್ಧ ದೀರ್ಘವೃತ್ತವಾದರೆ (ಒಂದು ದಿಕ್ಕಿಗೆ ಚಪ್ಪಟೆಯಾದ ವೃತ್ತ) 3.66, ಆರಾಮಾಗಿ ಹೋಗಬಹುದು. ಕಮಾನಿನ ಭಾಗದ ವಿಸ್ತೀರ್ಣ ಕೇಳಿದರೂ ಇದೇ ಪಾಡು: ಕ್ರಮವಾಗಿ 2.80, 2.67, 3.14 ಚದರ ಮೀಟರ್. ಮೂವರು ಮೂರು ಉತ್ತರ ತಂದರೆ ತಪ್ಪು ಬಿಡಿಸಿದವರದ್ದಲ್ಲ, ಬರೆದವರದ್ದು.

ಹಾಗಾಗಿ ಗೆರೆ ಯಾವ ಜಾತಿಯದು ಎಂದು ಮೊದಲು ಹೆಸರಿಸಿ. 'ಬಾಗಿದ', 'ದುಂಡನೆಯ', 'ಮೊಟ್ಟೆಯಾಕಾರದ' ಅಂದರೆ ಏನೂ ಹೇಳಿದಂತಾಗಲಿಲ್ಲ. ಹೆಸರಿಸಿದ ಮೇಲೆ ಅದನ್ನು ಕಟ್ಟಿಹಾಕುವ ಅಳತೆ ಕೊಡಿ: ಕಂಸಕ್ಕೆ ಕೇಂದ್ರ, ತ್ರಿಜ್ಯ, ಎರಡು ತುದಿ, ದೀರ್ಘವೃತ್ತಕ್ಕೆ ಕೇಂದ್ರ, ಎರಡು ಅಕ್ಷಗಳ ಉದ್ದ ಮತ್ತು ದಿಕ್ಕು, ಪರವಲಯಕ್ಕೆ ಶೃಂಗ (ಗೆರೆ ತಿರುಗುವ ತುದಿ), ಅಕ್ಷದ ದಿಕ್ಕು, ಹಾದುಹೋಗುವ ಇನ್ನೊಂದು ಬಿಂದು. ಬಹಮನಿ, ಆದಿಲ್‌ಶಾಹಿ ಕಾಲದ ಕಟ್ಟಡಗಳಲ್ಲಿ ಕಾಣುವ ಚೂಪು ಕಮಾನನ್ನು ಒಗಟಿಗೆ ತಂದರೆ ಅಲ್ಲಿ ಕನಿಷ್ಠ ಎರಡು ಕಂಸ, ಎರಡು ಕೇಂದ್ರ. ಅಗಲ 4 ಮೀಟರ್ ಇದ್ದು, ಎಡ ಕಂಸದ ಕೇಂದ್ರ ಬಲ ಬುಡದಲ್ಲಿ, ಬಲ ಕಂಸದ್ದು ಎಡ ಬುಡದಲ್ಲಿ ಇದ್ದರೆ ಕಮಾನು 3.46 ಮೀಟರ್ ಏರುತ್ತದೆ. ಕೇಂದ್ರ ಸರಿದರೆ ಎತ್ತರವೂ ಬದಲು.

ಷರತ್ತು ಕಡಿಮೆಯಾದರೆ ಉತ್ತರ ಹಲವು, ಹೆಚ್ಚಾದರೆ ಆಕೃತಿಯೇ ಇಲ್ಲ. 4 ಮೀಟರ್ ಅಗಲ, 1 ಮೀಟರ್ ಏರು ಎಂದು ಕೊಟ್ಟು 'ಅರ್ಧವೃತ್ತ' ಎಂದು ಸೇರಿಸಿದರೆ ಕೆಟ್ಟಿತು, ಅರ್ಧವೃತ್ತ 2 ಮೀಟರ್ ಏರಲೇಬೇಕು. 'ಗೋಡೆಗೆ ನುಣುಪಾಗಿ ಸೇರುತ್ತದೆ' ಎಂದು ಅಂದಕ್ಕೆ ಬರೆಯುವುದೂ ಅಪಾಯ. ಮೇಲಿನ ಕಂಸ ಗೋಡೆಗೆ ಸೇರುವಲ್ಲಿ ಮೂಲೆ ಬರುತ್ತದೆ; ದೀರ್ಘವೃತ್ತಕ್ಕೆ ಮಾತ್ರ ಆ ಮಾತು ಒಪ್ಪುತ್ತದೆ. ಇಷ್ಟಲ್ಲದೆ, ಟ್ರ್ಯಾಕ್ಟರ್ ನಡುವಿನಲ್ಲೇ ಹೋಗುತ್ತದೆ, ಲೋಡಿನ ಅಡ್ಡಕೊಯ್ತ ಆಯತ ಎಂದೂ ಹೇಳಬೇಕು. ನಿಜವಾದ ಹತ್ತಿ ಲೋಡು ಹೊಟ್ಟೆ ಉಬ್ಬಿಸಿಕೊಂಡೇ ಇರುತ್ತದೆ.

ಚಿತ್ರ ನಂಬಿಸಿ ಮೋಸ ಮಾಡುವುದು 'ತಾಗುವ' ಕಡೆ, ಅಂದರೆ ಗೆರೆ ಎಲ್ಲಿಂದ ಹೊರಟು ಯಾವ ಬಿಂದುವಿಗೆ ಸೇರುತ್ತದೆ ಅನ್ನುವಲ್ಲಿ. ಚೌಕದೊಳಗಿನ ಎಲೆಯಾಕಾರದ ಲೆಕ್ಕ ಎಸ್ಸೆಸ್ಸೆಲ್ಸಿ ಮಕ್ಕಳಿಗೆಲ್ಲ ಗೊತ್ತು. 'ಬಾಹು 14 ಸೆಂ.ಮೀ., ಎದುರುಬದುರಿನ ಎರಡು ಮೂಲೆ ಕೇಂದ್ರವಾಗಿ, ಬಾಹುವೇ ತ್ರಿಜ್ಯವಾಗಿ ಚೌಕದೊಳಗೆ ಎರಡು ಕಾಲುವೃತ್ತ' ಎಂದು ಬರೆದರೆ ಅವೆರಡಕ್ಕೂ ಸೇರಿದ ಭಾಗ 112 ಚ.ಸೆಂ.ಮೀ. ಬರಿಯ ಚಿತ್ರ ಕೊಟ್ಟು 'ಛಾಯೆಗೊಳಿಸಿದ ಭಾಗ' ಅಂದರೆ ಸಾಲದು. ಆ 112 ಕೂಡ π = 22/7 ಎಂದುಕೊಂಡಾಗಿನದು; 3.14 ಹಾಕಿದರೆ 111.72. ಬೆಲೆ ಯಾವುದೆಂದು ಬರೆಯಿರಿ, ಇಲ್ಲವೇ ಉತ್ತರವನ್ನು 98π − 196 ಎಂದೇ ಕೇಳಿ.

ಆಡಿನ ಒಗಟಿನಲ್ಲಿ ಷರತ್ತು ಅಡಗಿರುವುದು ಹಗ್ಗದಲ್ಲಿ. 5 ಮೀಟರ್ ಉದ್ದ, 4 ಮೀಟರ್ ಅಗಲದ ಕೊಟ್ಟಿಗೆಯ ಹೊರಮೂಲೆಗೆ 7 ಮೀಟರ್ ಹಗ್ಗದಲ್ಲಿ ಆಡು ಕಟ್ಟಿದೆ. ಮೇಯುವ ಜಾಗ: 7 ಮೀಟರ್ ತ್ರಿಜ್ಯದ ಮುಕ್ಕಾಲು ವೃತ್ತ, ಜೊತೆಗೆ ಮೂಲೆ ಸುತ್ತಿದ ಮೇಲೆ ಉಳಿಯುವ 2 ಮತ್ತು 3 ಮೀಟರಿನ ಎರಡು ಕಾಲುವೃತ್ತ. ಒಟ್ಟು 36.75π + π + 2.25π = 40π, ಸುಮಾರು 125.7 ಚ.ಮೀ. ಇದು ನಿಲ್ಲಬೇಕಾದರೆ ಕೊಟ್ಟಿಗೆ ಆಯತ, ಆಡು ಒಳಗೆ ಹೋಗದು, ಹಗ್ಗ ಹಿಗ್ಗದು, ಸುತ್ತಲೂ ಬಯಲು ಎಂಬ ನಾಲ್ಕು ಮಾತು ಬೇಕು. 7 ಮೀಟರ್ ಎನ್ನುವುದು ಗಂಟು ಕಳೆದು ಬಾಯಿಯವರೆಗಿನ ಅಳತೆ ಎಂದೂ ಸೇರಿಸಿ. ಆಡಿಗೆ ಕುತ್ತಿಗೆ ಇದೆಯಲ್ಲ! ಹಗ್ಗ 9 ಮೀಟರ್ ದಾಟಿದರೆ ಎರಡೂ ಬದಿಯಿಂದ ಬಂದ ಜಾಗ ಹಿಂಬದಿಯಲ್ಲಿ ಒಂದರ ಮೇಲೊಂದು ಬೀಳುತ್ತದೆ. ಆಗ ಹೀಗೆ ಕೂಡಿಸಿದರೆ ಉತ್ತರ ತಪ್ಪು.

ಕಣ್ಣೆದುರಿನ ವಸ್ತುವಿನಿಂದ ಒಗಟು ಮಾಡುವಾಗ ಇನ್ನೊಂದು ಎಚ್ಚರ. ಆನೆಗೊಂದಿಯ ಹೊಳೆಯಲ್ಲಿ ತೇಲುವ ಬಿದಿರಿನ ತೆಪ್ಪ ದುಂಡಗೆ ಕಂಡರೂ ಪಕ್ಕಾ ವೃತ್ತವಲ್ಲ. ಒಂದಕ್ಕೊಂದು ಲಂಬವಾಗಿ ಎರಡು ಕಡೆ ಅಳೆಯಿರಿ, ಸರಾಸರಿ ಹಿಡಿಯಿರಿ, 'ತೆಪ್ಪದ ಬಾಯಿಯನ್ನು ಇಷ್ಟು ವ್ಯಾಸದ ವೃತ್ತ ಎಂದು ಭಾವಿಸಿ' ಎಂದು ಬರೆಯಿರಿ. ಅಂಚಿನ ದಪ್ಪ ಒಳಗೋ ಹೊರಗೋ ಅನ್ನುವುದು ಬಿಟ್ಟುಹೋಗುವುದೇ ಹೆಚ್ಚು.

ಬರೆಯುವ ಕ್ರಮ ಸರಳ: ಆಕೃತಿ, ಅಳತೆ, ತಾಗುವ ಜಾಗ, π ಬೆಲೆ, ಕೊನೆಗೆ ಪ್ರಶ್ನೆ. ಷರತ್ತನ್ನು ಪ್ರಶ್ನೆಯ ಕೆಳಗೆ ಸಣ್ಣಕ್ಷರದಲ್ಲಿ ಇಡಬೇಡಿ, ಅಷ್ಟರಲ್ಲಿ ಬಿಡಿಸುವವರು ಅರ್ಧ ಲೆಕ್ಕ ಮಾಡಿರುತ್ತಾರೆ. ಬರೆದಾದ ಮೇಲೆ ಚಿತ್ರ ಮುಚ್ಚಿಟ್ಟು, ಗೆಳೆಯರೊಬ್ಬರಿಗೆ ಫೋನಿನಲ್ಲಿ ಓದಿ, ಕೇಳುತ್ತಲೇ ಚಿತ್ರ ಬಿಡಿಸಲು ಹೇಳಿ. ಅವರು 'ಯಾವ ಮೂಲೆಯಿಂದ?' ಎಂದು ಕೇಳಿದರೆ, ಬಿಟ್ಟುಹೋದ ವಾಕ್ಯ ಅದೇ.