ಪಿಎಚ್ 7 ಇದ್ದರೂ ಟಾಕಿ ಹುಳಿಯಾಗುತ್ತದೆ

ಹುಬ್ಬಳ್ಳಿಯಲ್ಲಿ ನಮ್ಮ ಖಾನಾವಳಿಯ ಹಿಂದೆ ಹತ್ತು ಘನ ಮೀಟರ್ ಬಯೋಗ್ಯಾಸ್ ಟಾಕಿ ಇದೆ. ದಿನಕ್ಕೆ ಹೆಚ್ಚುಕಡಿಮೆ 80 ಕಿಲೋ ಮುಸುರೆ ಬೀಳುತ್ತದೆ. ಎರಡು ಸಲ ಅದು ಕೆಟ್ಟು ಕೂತಿತ್ತು, ಎರಡೂ ಮದುವೆ ಸೀಸನ್‌ನಲ್ಲೇ. ಮಂಟಪದಿಂದ ಅನ್ನ, ಬೂಂದಿ ಬರುತ್ತಿತ್ತು. ಹುಳಿ ಅಳೆಯುವ ಪಿಎಚ್ ಪೆನ್ನು ಆರಾಮಾಗಿ 7.1 ತೋರಿಸುತ್ತಿತ್ತು; ಹುಳಿಯಾದರೆ ಅದು 7ಕ್ಕಿಂತ ಕೆಳಗೆ ಇಳಿಯಬೇಕು. ನಾಲ್ಕೈದು ದಿನಕ್ಕೆ ಬರ್ನರ್ ಬರೀ ಭುಸ್ ಅನ್ನೋದು, ಬೆಂಕಿ ಹತ್ತೋದಿಲ್ಲ. ಟಾಕಿ ತೋಡಿಸಿ, ಹೊಸದಾಗಿ ಹೆಂಡಿ (ಸಗಣಿ) ತುಂಬಿಸಿ, ಅಲ್ಲಿತನಕ ಸಿಲಿಂಡರ್ ಕೊಂಡು, ಪ್ರತಿ ಸಲ 25-30 ಸಾವಿರ ಕೈ ಬಿಟ್ಟಿತು. ಸುಣ್ಣವನ್ನೂ ಸುರಿದು ನೋಡಿದೆ. ಪಿಎಚ್ ಏರಿತು, ಗ್ಯಾಸ್ ಬರಲಿಲ್ಲ, ತಳದಲ್ಲಿ ಗಟ್ಟಿ ಕೂತದ್ದೇ ಲಾಭ!

ಟಾಕಿಯಲ್ಲಿ ಹುಟ್ಟೋ ಹುಳಿಯನ್ನು ಮೊದಲು ಅಲ್ಲೇ ಇರೋ ಬೈಕಾರ್ಬನೇಟ್ ಅನ್ನೋ ಕ್ಷಾರ ನುಂಗುತ್ತದೆ, ಅದು ಮುಗಿದ ಮೇಲೇ ಪಿಎಚ್ ಇಳಿಯೋದು. ಅದಕ್ಕೇ ಟೈಟ್ರೇಶನ್ ಹಿಡಿದೆ. ಸೋಸಿದ ಸ್ಲರಿಗೆ, ಅಂದರೆ ಟಾಕಿಯ ರಾಡಿ ನೀರಿಗೆ, ಆಸಿಡ್ ಬಿಡುತ್ತಾ ಪಿಎಚ್ 5.75ಕ್ಕೆ ಇಳಿಯಲು ಎಷ್ಟು ಹಿಡಿಯಿತು, ಅಲ್ಲಿಂದ 4.3ಕ್ಕೆ ಎಷ್ಟು ಹಿಡಿಯಿತು ನೋಡುತ್ತೇನೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಆಯ್ತು. "ಖಾನಾವಳಿ ಬಿಟ್ಟು ಲ್ಯಾಬ್ ಇಟ್ಟೀರೇನ್ರೀ?" ಅಂತ ನಕ್ಕವರೇ ಜಾಸ್ತಿ. ಲೆಕ್ಕ ಬರೀ ಅನುಪಾತ, ಹಾಗಾಗಿ ಆಸಿಡ್ ಎಷ್ಟು ಖಡಕ್ ಅನ್ನೋದು ಬೇಕಾಗೋದೇ ಇಲ್ಲ. ಬ್ಯಾಟರಿ ಅಂಗಡಿಯ ಆಸಿಡ್ಡನ್ನೇ ತೆಳು ಮಾಡಿಕೊಂಡೆ. ನೀರಿಗೆ ಆಸಿಡ್, ಉಲ್ಟಾ ಅಲ್ಲ. ಪೆನ್ನು, ಆಸಿಡ್ ಅಳೆದು ಬಿಡೋ ಗಾಜಿನ ಕೊಳವೆ (ಬ್ಯೂರೆಟ್) ಸೇರಿ ಎರಡು ಸಾವಿರದ ಆಸುಪಾಸು ಖರ್ಚು.

ಈ ಅನುಪಾತ 0.3ರ ಒಳಗಿದ್ದರೆ ನಿಶ್ಚಿಂತೆ. ನಮ್ಮ ಟಾಕಿಯಲ್ಲಿ 0.4 ದಾಟಿದರೆ ಮುಸುರೆ ಅರ್ಧ, 0.5 ಆದರೆ ಬಂದ್. ಸ್ಲರಿ ತೆಗೆದ ಕೂಡಲೇ ನೋಡಬೇಕು, ಇಟ್ಟರೆ ಇಂಗಾಲಾಮ್ಲ ಹಾರಿ ಅಂಕಿ ತಪ್ಪುತ್ತದೆ. ಬಟ್ಟೆ ಕಟ್ಟಿಕೊಳ್ಳದ ಹಾಗೆ ಸೋಸುವುದಕ್ಕೆ ಒಂದು ಉಪಾಯ ಇದೆ. ಅದು ನನ್ನ ಹತ್ತಿರವೇ ಇರಲಿ.

ಮುಸುರೆ ಜೊತೆ ಹಾಕುತ್ತಿದ್ದ ಹೆಂಡಿಯನ್ನು ಸುಮ್ನೆ ಕುತೂಹಲಕ್ಕೆ ಪೂರ್ತಿ ನಿಲ್ಲಿಸಿಯೂ ನೋಡಿದೆ. ಮೊದಮೊದಲು ಏನೂ ಆಗಲಿಲ್ಲ. ಎರಡು-ಮೂರು ತಿಂಗಳಲ್ಲಿ ಅಂಕಿ ಮೆಲ್ಲಗೆ ಮೇಲೇರಿತು. ಬರೀ ಊಟದ ಮುಸುರೆಯಲ್ಲಿ ಗ್ಯಾಸ್ ಮಾಡೋ ಸೂಕ್ಷ್ಮಜೀವಿಗಳಿಗೆ ಬೇಕಾದ ಕೋಬಾಲ್ಟ್, ನಿಕ್ಕಲ್, ಸೆಲೆನಿಯಂ ಸಾಲುವುದಿಲ್ಲ. ಈಗ ವಾರಕ್ಕೆರಡು ಬುಟ್ಟಿ ಹೆಂಡಿ ಖಾಯಂ. ಗ್ಯಾಸನ್ನೂ ಸಿರಿಂಜಿನಲ್ಲಿ ಹಿಡಿದು ಕಾಸ್ಟಿಕ್ ಸೋಡಾ ನೀರಿನ ಜೊತೆ ಅಲ್ಲಾಡಿಸುತ್ತೇನೆ; ಇಂಗಾಲಾಮ್ಲ ಅದರಲ್ಲಿ ಕರಗಿ ಉಳಿಯೋದು ಹೆಚ್ಚಾಗಿ ಉರಿಯೋ ಮೀಥೇನ್. 20 ಎಂಎಲ್‌ನಲ್ಲಿ 12 ಉಳಿದರೆ ಮೀಥೇನ್ ಸುಮಾರು 60 ಪರ್ಸೆಂಟ್. ಕೈಗವಸು ಮರೀಬೇಡಿ.

ಹೋದ ಮದುವೆ ಸೀಸನ್‌ನಲ್ಲಿ ಅಂಕಿ 0.45ಕ್ಕೆ ಹೋಯಿತು, ಪೆನ್ನು ಇನ್ನೂ 7.2 ಅನ್ನುತ್ತಿತ್ತು. ಬೂಂದಿ ವಾಪಸ್ ಕಳಿಸಿ ಮುಸುರೆ ಅರ್ಧ ಮಾಡಿದೆ. ವಾರದೊಳಗೆ 0.3ಕ್ಕೆ ಇಳಿಯಿತು, ಒಲೆ ಒಂದು ದಿನವೂ ಆರಲಿಲ್ಲ.